ಬೈಬಲ್ಲಿನ ರಾಜಗೀತೆಗಳು

ಅರಸರನ್ನು ಹೊಗಳುವ ಕವಿತೆ ಎಲ್ಲ ದೇಶಗಳಲ್ಲಿಯೂ ಹುಟ್ಟಿದೆ. ಅರಮನೆಯಿದ್ದೆಡೆಯಲ್ಲಿ ಆಸ್ಥಾನವೂ ಆಸ್ಥಾನವಿದ್ದೆಡೆಯಲ್ಲಿ ಕವಿಯೂ ಇರುವುದು ಸಹಜವೇ. ಆದರೆ ಇಂತಹ ಕವಿತೆಯ ಆಯುಸ್ಸು ಹೊಗಳಿಸಿಕೊಂಡವನ ಆಯುಸ್ಸಿಗಿಂತ ದೀರ್ಘವಾಗಿರುವುದು ಅಪೂರ್ವ. ಅರಸನು ತೀರಿಕೊಂಡು ವಂಶವೂ ಅಳಿದ ಮೇಲೆ ಆ ಪದ್ಯಗಳು ಶಾಸನದ ಕಲ್ಲಿನ ಮೇಲೆ ಉಳಿದರೆ ಉಳಿದಾವು; ಜನರ ನಾಲಗೆಯ ಮೇಲೆ ಉಳಿಯುವುದು ಕಷ್ಟ. ಹತ್ತನೆಯ ಶತಮಾನದಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ ಹಾಡಿದ್ದರಿಂದಲೇ ಆ ಅರಸನ ಹೆಸರು ಕನ್ನಡಿಗರಲ್ಲಿ ಇಂದಿಗೂ ಉಳಿದಿದೆ. ಅಲ್ಲಿ ಹಳೆಯ ಕಥೆಯ ವೀರನು ಹೊಸ ಅರಸನಿಗೆ ಆಶ್ರಯ ಕೊಟ್ಟನು.

ಇದಕ್ಕೆ ಪ್ರತಿಯಾದ ಒಂದು ಸಂಗತಿ ಇಬ್ರಿಯ ಭಾಷೆಯ ಕಾವ್ಯದಲ್ಲಿ ನಡೆದಿದೆ. ಯೆರೂಸಲೇಮಿನ ಆಸ್ಥಾನದಲ್ಲಿ ಅಲ್ಲಿನ ಅರಸರಿಗಾಗಿ ಕಟ್ಟಿದ ಕೆಲವು ಹಾಡುಗಳಿದ್ದುವು. ಆ ಅರಸರ ಸಿಂಹಾಸನವು ಉರುಳಿ ಎರಡು ಸಾವಿರದ ಐನೂರು ವರುಷಗಳಿಗೂ ಹೆಚ್ಚು ಕಾಲವಾಯಿತು. ಹಾಡುಗಳು ಮಾತ್ರ ಯೆಹೂದ್ಯರ ಸಭಾಮಂದಿರಗಳಲ್ಲಿಯೂ ಕ್ರೈಸ್ತರ ದೇವಾಲಯಗಳಲ್ಲಿಯೂ ಇಂದಿಗೂ ಕೇಳಿಬರುತ್ತವೆ. ಸಿಂಹಾಸನ ಹೋದ ಮೇಲೆ ಸಿಂಹಾಸನದ ಹಾಡು ಉಳಿದದ್ದು ಹೇಗೆ? ಕ್ರೈಸ್ತರು ಅದರಲ್ಲಿ ಯಾವ ಅರಸನನ್ನು ಕಂಡರು? ಈ ಎರಡು ಪ್ರಶ್ನೆಗಳನ್ನು ಇಂದಿನ ಭಾಷಣದಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ಕನ್ನಡ ಬೈಬಲ್ಲಿನಲ್ಲಿ ಕೀರ್ತನೆಗಳೆಂದು ಹೆಸರಾಗಿರುವ ಗ್ರಂಥದಲ್ಲಿ ೧೫೦ ಹಾಡುಗಳಿವೆ. ದುಃಖಿಗಳ ಮೊರೆ, ಯಾತ್ರಿಕರ ಪದ, ಕೃತಜ್ಞತೆಯ ಸ್ತುತಿ ಮುಂತಾದ ಹಲವು ಜಾತಿಯ ಹಾಡುಗಳು ಅಲ್ಲಿ ಕಲೆತಿವೆ. ಇವುಗಳಲ್ಲಿ ಸುಮಾರು ಹತ್ತು ಹಾಡುಗಳು ಅರಸನನ್ನೇ ಕೇಂದ್ರವಾಗಿ ಇಟ್ಟುಕೊಂಡವು. ಜರ್ಮನಿಯ ಹರ್ಮನ್ ಗುಂಕೆಲ್ (೧೮೬೨–೧೯೩೨) ಎಂಬ ಪಂಡಿತನು ಇವನ್ನು ಬೇರೆಯಾಗಿ ಗುರುತಿಸಿ ರಾಜಗೀತೆಗಳೆಂಬ ಒಂದು ವರ್ಗವನ್ನು ಕಲ್ಪಿಸಿದನು. ನಮ್ಮ ಕೆಲಸಕ್ಕೆ ನಾಲ್ಕು ಸಾಕು.

೨ನೆಯ ಕೀರ್ತನೆಯಲ್ಲಿ ಭೂಪತಿಗಳು ಸೇರಿ ದಂಗೆಯೇಳುತ್ತಾರೆ. ಪರಲೋಕದಲ್ಲಿರುವ ದೇವರು ಅದನ್ನು ಕಂಡು ನಗುತ್ತಾನೆ. ಚೀಯೋನ್ ಬೆಟ್ಟದ ಮೇಲೆ ತಾನು ನಿಲ್ಲಿಸಿದ ಅರಸನನ್ನು ತನ್ನ ಮಗನೆಂದು ಸಾರಿ ಅವನ ಕೈಗೆ ಕಬ್ಬಿಣದ ಕೋಲನ್ನು ಕೊಡುತ್ತಾನೆ. ೪೫ನೆಯದು ಒಂದು ರಾಜವಿವಾಹದ ಹಾಡು. ಓಫೀರಿನ ಚಿನ್ನವನ್ನು ತೊಟ್ಟ ರಾಣಿ, ದಂತದ ಅರಮನೆಗಳಿಂದ ಕೇಳಿಬರುವ ವಾದ್ಯ, ಪರಿಮಳವನ್ನು ಸೂಸುವ ವರನ ಉಡುಪು, ಇವೆಲ್ಲ ಅದರಲ್ಲಿವೆ. ೧೧೦ನೆಯದರಲ್ಲಿ ಅರಸನು ದೇವರ ಬಲಗಡೆಯಲ್ಲಿ ಕುಳಿತುಕೊಳ್ಳುತ್ತಾನೆ. ಅವನ ವೈರಿಗಳು ಅವನ ಪಾದಪೀಠವಾಗುವರೆಂದು ಮಾತು ಕೊಡಲಾಗಿದೆ. ೭೨ನೆಯದು ಅರಸನಿಗಾಗಿ ಪ್ರಜೆಗಳು ಮಾಡುವ ಪ್ರಾರ್ಥನೆ.

ಈ ಅಲಂಕಾರಗಳು ಇಬ್ರಿಯರ ಸ್ವಂತ ಸೊತ್ತಲ್ಲ. ಐಗುಪ್ತದಲ್ಲಿ ಅರಸನು ಸೂರ್ಯದೇವನ ಮಗನೆನಿಸಿಕೊಂಡಿದ್ದನು. ೧೯೨೨ರಲ್ಲಿ ಪತ್ತೆಯಾದ ತೂತನ್‌ಖಾಮನ್ ಎಂಬ ಅರಸನ ಸಮಾಧಿಯಲ್ಲಿ ಸಿಕ್ಕಿದ ಪಾದಪೀಠಗಳ ಮೇಲೆ ಕೈಕಟ್ಟಿಸಿಕೊಂಡು ಬಿದ್ದಿರುವ ಶತ್ರುಗಳ ಚಿತ್ರಗಳಿವೆ. ಅರಸನು ಕುಳಿತಾಗಲೆಲ್ಲ ಅವರ ಮೇಲೆ ಕಾಲಿಡಬೇಕೆಂಬುದೇ ಅದರ ಉದ್ದೇಶ. ೧೧೦ನೆಯ ಕೀರ್ತನೆಯನ್ನು ಓದಿದವರಿಗೆ ಈ ಮರದ ಪೀಠವು ಅದರ ವ್ಯಾಖ್ಯಾನದಂತೆ ತೋರುವುದು. ೧೯೦೧ರ ಕೊನೆಯಲ್ಲಿ ಪಾರಸಿಕ ದೇಶದ ಸೂಸಾ ಎಂಬಲ್ಲಿ ಅಗೆಯುವಾಗ ದೊರೆತ ಹಮ್ಮುರಾಬಿಯ ಶಾಸನಸ್ತಂಭದ ಪೀಠಿಕೆಯಲ್ಲಿ, ಬಲಿಷ್ಠರು ದುರ್ಬಲರನ್ನು ಹಿಂಸಿಸದಂತೆ ಮಾಡುವುದಕ್ಕೆ ದೇವತೆಗಳು ತನ್ನನ್ನು ಕರೆದರೆಂದು ಆ ಅರಸನು ಹೇಳಿಕೊಳ್ಳುತ್ತಾನೆ. ಸಿರಿಯದ ಕರಾವಳಿಯ ಉಗಾರಿತ್ ಪಟ್ಟಣದಲ್ಲಿ ೧೯೨೯ರಿಂದ ನಡೆದ ಉತ್ಖನನದಲ್ಲಿ ಕೆರೆತ್ ಎಂಬ ಅರಸನ ಕಥೆ ದೊರೆಯಿತು. ತಂದೆಯು ವಿಧವೆಯ ವ್ಯಾಜ್ಯವನ್ನು ತೀರಿಸುತ್ತಿಲ್ಲವೆಂದು ಆಕ್ಷೇಪಿಸಿ, ಸಿಂಹಾಸನದಿಂದಿಳಿಯೆಂದು ಮಗನೇ ಅವನಿಗೆ ಹೇಳುವ ಸಂದರ್ಭ ಅದರಲ್ಲಿದೆ. ಹೀಗೆ ಪ್ರತಾಪ, ನ್ಯಾಯ ಎಂಬ ಎರಡು ಮಾತುಗಳೂ ಆ ಪ್ರದೇಶದ ರಾಜಸ್ತುತಿಯಲ್ಲಿ ಬಹು ಹಿಂದಿನಿಂದಲೇ ಇದ್ದುವು.

ಆದರೆ ಇಬ್ರಿಯರ ನಡುವೆ ಈ ಮಾತುಗಳಿಗೆ ಬಂದ ಪರಿಸ್ಥಿತಿ ಬೇರೆ. ಅವರಲ್ಲಿ ಅರಸುತನವು ತಡವಾಗಿ, ವಿವಾದದ ನಡುವೆ ಬಂದಿತು. ಅರಸನು ಬೇಕೆಂದು ಜನರು ಕೇಳಿದಾಗ ಪ್ರವಾದಿಯಾದ ಸಮುವೇಲನು, ಆತನು ನಿಮ್ಮ ಗಂಡುಮಕ್ಕಳನ್ನು ರಥದ ಮುಂದೆ ಓಡಿಸುವನು, ಹೆಣ್ಣುಮಕ್ಕಳನ್ನು ಅಡಿಗೆಮನೆಗೆ ಒಯ್ಯುವನು, ಒಳ್ಳೆಯ ಹೊಲಗಳನ್ನು ತನ್ನ ಸೇವಕರಿಗೆ ಕೊಡುವನು ಎಂದು ಎಚ್ಚರಿಸಿದನಂತೆ. ಧರ್ಮೋಪದೇಶಕಾಂಡ ಎಂಬ ಗ್ರಂಥದಲ್ಲಿ ಅರಸನು ಕುದುರೆಗಳನ್ನಾಗಲಿ ಬೆಳ್ಳಿಬಂಗಾರಗಳನ್ನಾಗಲಿ ಬಹಳವಾಗಿ ಕೂಡಿಸಬಾರದೆಂದೂ ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಬರೆದುಕೊಂಡು ದಿನವೂ ಓದಬೇಕೆಂದೂ ವಿಧಿಸಿದೆ. ದಾವೀದನು ಪರರ ಹೆಂಡತಿಗೆ ಆಸೆಪಟ್ಟು ಅವಳ ಗಂಡನನ್ನು ಕೊಲ್ಲಿಸಿದಾಗ ನಾತಾನನೆಂಬ ಪ್ರವಾದಿಯು ಆಸ್ಥಾನಕ್ಕೇ ಬಂದು ಅವನ ಅಪರಾಧವನ್ನು ಎತ್ತಿ ಆಡಿದನು. ಅರಸನನ್ನು ಹೊಗಳಿದ ಹಾಡನ್ನೂ ಅರಸನನ್ನು ಖಂಡಿಸಿದ ಕಥೆಯನ್ನೂ ಒಂದೇ ಶಾಸ್ತ್ರದಲ್ಲಿ ಕಾಪಾಡಿಕೊಂಡು ಬಂದ ಜನವಿದು ಎಂಬುದನ್ನು ನಾವು ಮರೆಯಲಾಗದು.

ಈಗ ೭೨ನೆಯ ಕೀರ್ತನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದರ ಮೇಲೆ ಸೊಲೊಮೋನನ ಹೆಸರಿದೆ. ಆರಂಭದಲ್ಲಿಯೇ ಕೇಳುವ ವರವು ಜಯವಲ್ಲ, ನ್ಯಾಯ. ಅರಸನು ಬಡವರ ಪಕ್ಷವನ್ನು ಹಿಡಿಯಲಿ, ಹಿಂಸಕನನ್ನು ಮುರಿಯಲಿ, ಕೊಯ್ದ ಹುಲ್ಲಿನ ಮೇಲೆ ಸುರಿಯುವ ಮಳೆಯಂತೆ ಇಳಿದುಬರಲಿ ಎಂದು ಕವಿಯು ಹಾರೈಸುತ್ತಾನೆ. ಅನಂತರ ರಾಜ್ಯದ ಎಲ್ಲೆ ಹಿಗ್ಗುತ್ತದೆ: ಒಂದು ಸಮುದ್ರದಿಂದ ಮತ್ತೊಂದು ಸಮುದ್ರದವರೆಗೆ, ಮಹಾನದಿಯಿಂದ ಭೂಮಿಯ ಅಂಚಿನವರೆಗೆ. ದೂರದ ಶೆಬದ ಅರಸರು ಕಾಣಿಕೆಯನ್ನು ತರುತ್ತಾರೆ. ಎಲ್ಲ ರಾಜರೂ ಅಡ್ಡಬೀಳುತ್ತಾರೆ. ಇಷ್ಟರವರೆಗೆ ಯಾವ ದಿಗ್ವಿಜಯದ ಪದ್ಯದಲ್ಲಿಯಾದರೂ ಕಾಣುವ ವರ್ಣನೆಯೇ. ಆದರೆ ಮುಂದಿನ ಪದ್ಯವು ಇಬ್ರಿಯದಲ್ಲಿ ‘ಏಕೆಂದರೆ’ ಎಂಬ ಅರ್ಥದ ‘ಕೀ’ ಎಂಬ ಸಣ್ಣ ಪದದಿಂದ ಮೊದಲಾಗುತ್ತದೆ. ರಾಜರು ಏಕೆ ಅಡ್ಡಬೀಳಬೇಕು? ಏಕೆಂದರೆ ಈ ಅರಸನು ಮೊರೆಯಿಡುವ ದರಿದ್ರನನ್ನು ಬಿಡಿಸುತ್ತಾನೆ, ಸಹಾಯಕರಿಲ್ಲದವನಿಗೆ ಸಹಾಯಕನಾಗುತ್ತಾನೆ, ಅವರ ರಕ್ತವು ಅವನ ದೃಷ್ಟಿಗೆ ಅಮೂಲ್ಯವಾಗಿದೆ. ಕಪ್ಪಕಾಣಿಕೆಗೆ ಕಾರಣವು ಕತ್ತಿಯೆಂದು ಕವಿಯು ಹೇಳಲಿಲ್ಲ. ಈ ‘ಏಕೆಂದರೆ’ ಎಂಬ ಪದದಲ್ಲಿಯೇ ರಾಜಗೀತೆಗಳ ಮುಂದಿನ ಇತಿಹಾಸವೆಲ್ಲ ಅಡಗಿದೆಯೆಂದು ನನ್ನ ಅಭಿಪ್ರಾಯ.

ಸೊಲೊಮೋನನು ಈ ಅಳತೆಗೆ ಸರಿಯಾದನೇ? ಅವನ ಐಶ್ವರ್ಯವನ್ನು ವಿಸ್ತಾರವಾಗಿ ವರ್ಣಿಸುವ ಅದೇ ಬೈಬಲ್ಲು, ಅವನ ಕಟ್ಟಡಗಳಿಗಾಗಿ ಜನರು ಬಿಟ್ಟಿ ದುಡಿದುದನ್ನೂ ಹೇಳುತ್ತದೆ. ಅವನು ತೀರಿಕೊಂಡ ಮೇಲೆ ಜನರು ಅವನ ಮಗನಾದ ರೆಹಬ್ಬಾಮನ ಬಳಿಗೆ ಬಂದು, ನಿಮ್ಮ ತಂದೆಯವರು ನಮ್ಮ ಮೇಲೆ ಹೊರಿಸಿದ ನೊಗವನ್ನು ಹಗುರಮಾಡಿರಿ ಎಂದು ಬೇಡಿಕೊಂಡರು. ಮಗನು ಒಪ್ಪಲಿಲ್ಲ, ರಾಜ್ಯವು ಎರಡಾಯಿತು. ಅಂಗಿಯನ್ನು ದೊಡ್ಡ ಅಳತೆಗೆ ಹೊಲಿದದ್ದಾಯಿತು. ತೊಟ್ಟವರಿಗೆಲ್ಲ ಅದು ದೊಡ್ಡದಾಗಿಯೇ ಇತ್ತು.

ಕ್ರಿ. ಪೂ. ೫೮೭ರಲ್ಲಿ, ಕೆಲವರ ಗಣನೆಯಂತೆ ೫೮೬ರಲ್ಲಿ, ಬಾಬಿಲೋನಿನ ನೆಬೂಕದ್ನೆಚ್ಚರನ ಸೈನ್ಯವು ಯೆರೂಸಲೇಮನ್ನು ಸುಟ್ಟಿತು. ಕೊನೆಯ ಅರಸನಾದ ಚಿದ್ಕೀಯನ ಕಣ್ಣೆದುರಿನಲ್ಲಿಯೇ ಅವನ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣುಗಳನ್ನು ಕೀಳಿಸಿ, ಸಂಕೋಲೆ ತೊಡಿಸಿ ಸೆರೆಗೆ ಒಯ್ದರು. ಅವನಿಗಿಂತ ಮೊದಲು ಆಳಿದ ಯೆಹೋಯಾಖೀನನು ಆಗಲೇ ಬಾಬಿಲೋನಿನಲ್ಲಿ ಸೆರೆಯಾಳಾಗಿದ್ದನು. ಆ ನಗರದ ಅರಮನೆಯ ಅವಶೇಷಗಳಲ್ಲಿ ದೊರೆತ ಕೆಲವು ಮಣ್ಣಿನ ಫಲಕಗಳನ್ನು ೧೯೩೯ರಲ್ಲಿ ಜರ್ಮನಿಯ ವೈಡ್ನರ್ ಎಂಬ ವಿದ್ವಾಂಸನು ಓದಿ ಪ್ರಕಟಿಸಿದನು. ಅವು ಉಗ್ರಾಣದ ಲೆಕ್ಕದ ಫಲಕಗಳು. ಯೂದಾ ದೇಶದ ಅರಸನಿಗೂ ಅವನ ಮಕ್ಕಳಿಗೂ ಇಷ್ಟಿಷ್ಟು ಎಣ್ಣೆ ಎಂದು ಅಲ್ಲಿ ಬರೆದಿದೆ. ಇಬ್ರಿಯರಲ್ಲಿ ಅರಸನಿಗೆ ಪಟ್ಟಕಟ್ಟುವಾಗ ಆಲಿವ್ ಎಣ್ಣೆಯನ್ನು ತಲೆಯ ಮೇಲೆ ಹೊಯ್ಯುವುದು ವಾಡಿಕೆ. ನಮ್ಮಲ್ಲಿ ಪುಣ್ಯನದಿಗಳ ಜಲ ಹೇಗೋ ಅವರಲ್ಲಿ ಎಣ್ಣೆ ಹಾಗೆ. ಎಣ್ಣೆಯಿಂದ ಅಭಿಷಿಕ್ತನಾದವನು ಈಗ ಶತ್ರುವಿನ ಉಗ್ರಾಣದಿಂದ ಎಣ್ಣೆಯ ಪಡಿಯನ್ನು ಎಣಿಸಿ ಪಡೆಯುವವನಾದನು.

೮೯ನೆಯ ಕೀರ್ತನೆಯು ಈ ದುಃಖವನ್ನು ಮುಚ್ಚಿಡದೆ ಹೇಳುತ್ತದೆ. ದಾವೀದನ ವಂಶವು ನಿತ್ಯವಾಗಿರುವುದೆಂದು ದೇವರು ಆಣೆಯಿಟ್ಟಿರಲಿಲ್ಲವೇ, ಈಗ ಆ ಕಿರೀಟವನ್ನು ಮಣ್ಣುಪಾಲು ಮಾಡಿದ್ದೇಕೆ ಎಂದು ಕವಿಯು ದೇವರನ್ನೇ ಕೇಳುತ್ತಾನೆ. ಕೀರ್ತನೆಗಳ ಗ್ರಂಥವು ಐದು ಭಾಗಗಳಾಗಿದೆ. ಎರಡನೆಯ ಭಾಗವು ೭೨ನೆಯ ಕೀರ್ತನೆಯ ಹಾರೈಕೆಯಿಂದಲೂ ಮೂರನೆಯದು ೮೯ನೆಯದರ ಪ್ರಶ್ನೆಯಿಂದಲೂ ಮುಗಿಯುತ್ತವೆ. ಗ್ರಂಥವನ್ನು ಜೋಡಿಸಿದವರು ಭಂಗವಾದ ಆಶೆಯನ್ನು ಕಿತ್ತುಹಾಕದೆ, ಅದರ ಪಕ್ಕದಲ್ಲಿಯೇ ಪ್ರಶ್ನೆಯನ್ನೂ ಇಟ್ಟರು. ಅರಸನಿಲ್ಲದ ಜನವು ಈ ಹಾಡುಗಳನ್ನು ಹಾಡುತ್ತಿದ್ದಾಗ ಅವು ತಾವಾಗಿಯೇ ಮುಂದೆ ಬರತಕ್ಕವನ ಹಾಡುಗಳಾದುವು. ಅಭಿಷಿಕ್ತನೆಂಬುದಕ್ಕೆ ಇಬ್ರಿಯದಲ್ಲಿ ಮೆಸ್ಸೀಯನೆಂದೂ ಗ್ರೀಕಿನಲ್ಲಿ ಕ್ರಿಸ್ತನೆಂದೂ ಹೆಸರು. ಕ್ರಿಸ್ತನೆಂಬ ಪದವೇ ಪಟ್ಟಾಭಿಷೇಕದ ಪದವೆಂಬುದು ಅದನ್ನು ದಿನವೂ ಬಳಸುವವರಿಗೂ ಎಷ್ಟೋ ವೇಳೆ ನೆನಪಿಗೆ ಬರುವುದಿಲ್ಲ.

ಈ ಬದಲಾವಣೆಯಲ್ಲಿ ಮಹತ್ತ್ವದ ಹೆಜ್ಜೆಯನ್ನು ಇಟ್ಟದ್ದು ಜೆಕರ್ಯನ ಪ್ರವಾದನಗ್ರಂಥದ ೯ನೆಯ ಅಧ್ಯಾಯ. ಇದು ಬಾಬಿಲೋನಿನ ಸೆರೆಯ ಅನಂತರದ ಕಾಲದ್ದೆಂದು ಬಹುಮಂದಿ ಪಂಡಿತರ ಮತ. ಸಮುದ್ರದಿಂದ ಸಮುದ್ರದವರೆಗೆ ಎಂಬ ೭೨ನೆಯ ಕೀರ್ತನೆಯ ಎಲ್ಲೆಯನ್ನೇ ಈ ಪ್ರವಾದಿಯು ತೆಗೆದುಕೊಂಡು ಹೊಸದೊಬ್ಬ ಅರಸನಿಗೆ ಕೊಡುತ್ತಾನೆ. ಆದರೆ ಈ ಅರಸನು ದೀನನು. ಕತ್ತೆಯ ಮೇಲೆ ಕುಳಿತು ಬರುತ್ತಾನೆ. ರಥಗಳನ್ನೂ ಯುದ್ಧದ ಕುದುರೆಗಳನ್ನೂ ಇಲ್ಲದಂತೆ ಮಾಡಿ ಜನಾಂಗಗಳಿಗೆ ಸಮಾಧಾನವನ್ನು ಹೇಳುತ್ತಾನೆ. ಎಲ್ಲೆಯು ಹಾಗೆಯೇ ಇದೆ, ಆಳುವ ರೀತಿಯು ಬದಲಾಗಿದೆ.

ಕ್ರೈಸ್ತರ ವ್ಯಾಖ್ಯಾನವು ಇಲ್ಲಿಂದಲೇ ಹೊರಟಿತೆಂದು ಹೇಳಬಹುದು. ಯೇಸು ಕತ್ತೆಯ ಮೇಲೆ ಕುಳಿತು ಯೆರೂಸಲೇಮನ್ನು ಪ್ರವೇಶಿಸಿದ ಸಂದರ್ಭದಲ್ಲಿ ಮತ್ತಾಯನು ಜೆಕರ್ಯನನ್ನು ನೆನೆಯುತ್ತಾನೆ. ಯೇಸುವಿನ ದೀಕ್ಷಾಸ್ನಾನದಲ್ಲಿ ಆಕಾಶದಿಂದ ಕೇಳಿಬಂದ ವಾಣಿಯಲ್ಲಿ ೨ನೆಯ ಕೀರ್ತನೆಯ ಪಟ್ಟಾಭಿಷೇಕದ ಘೋಷಣೆಯ ಪ್ರತಿಧ್ವನಿಯಿದೆ. ಮುಂದೆ ಸಿಪಾಯಿಗಳು ಅವನಿಗೆ ಕೆಂಪು ನಿಲುವಂಗಿಯನ್ನು ಹೊದಿಸಿ, ಮುಳ್ಳಿನ ಕಿರೀಟವನ್ನಿಟ್ಟು, ಕೈಗೆ ರಾಜದಂಡದ ಬದಲಾಗಿ ಒಂದು ಬೆತ್ತವನ್ನು ಕೊಟ್ಟು ಪರಿಹಾಸ್ಯಮಾಡಿದರು. ರೋಮನ್ ಅಧಿಪತಿಯಾದ ಪಿಲಾತನು ಶಿಲುಬೆಯ ಮೇಲೆ ಯೆಹೂದ್ಯರ ಅರಸನೆಂದು ಮೂರು ಭಾಷೆಗಳಲ್ಲಿ ಬರೆಯಿಸಿದನು. ಸಿಪಾಯಿಗಳ ಪಾಲಿಗೆ ಇದು ರಾಜಚಿಹ್ನೆಗಳ ಅಣಕ. ಸುವಾರ್ತೆಯನ್ನು ಬರೆದವರ ಪಾಲಿಗೆ ನಿಜವಾದ ಪಟ್ಟಾಭಿಷೇಕ. ತನ್ನ ಪ್ರಜೆಗಳ ರಕ್ತವನ್ನು ಅಮೂಲ್ಯವೆಂದು ಎಣಿಸಿದ ಅರಸನು ತನ್ನ ರಕ್ತವನ್ನೇ ಕೊಟ್ಟನೆಂದು ಅವರ ನಂಬಿಕೆ. ‘ಏಕೆಂದರೆ’ ಎಂಬ ಪದ್ಯವು ಇಲ್ಲಿ ತುಂಬಿತೆಂದು ಕ್ರೈಸ್ತರು ಕಂಡರು.

ಆದರೂ ಹಳೆಯ ಹಾಡುಗಳಲ್ಲಿರುವ ಉಗ್ರತೆಯನ್ನು ಏನುಮಾಡುವುದು? ಕಬ್ಬಿಣದ ಕೋಲು ೨ನೆಯ ಕೀರ್ತನೆಯಲ್ಲಿದೆ; ರಣರಂಗದ ಹೆಣಗಳು ೧೧೦ನೆಯದರಲ್ಲಿವೆ. ಭಾಷೆಯ ಇತಿಹಾಸದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಪ್ರಾಚೀನ ಇಬ್ರಿಯ ಲಿಪಿಯಲ್ಲಿ ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದರು. ೨ನೆಯ ಕೀರ್ತನೆಯ ಒಂದು ಕ್ರಿಯಾಪದವನ್ನು ಒಂದು ಸ್ವರಕ್ರಮದಲ್ಲಿ ಓದಿದರೆ ಕಬ್ಬಿಣದ ಕೋಲಿನಿಂದ ಒಡೆಯುವನೆಂದೂ ಇನ್ನೊಂದರಲ್ಲಿ ಓದಿದರೆ ಕುರುಬನಂತೆ ಮೇಯಿಸುವನೆಂದೂ ಅರ್ಥವಾಗುತ್ತದೆ. ಮುಂದಿನ ಸಾಲಿನಲ್ಲಿ ಮಡಕೆ ಒಡೆಯುವ ಉಪಮೆ ಇರುವುದರಿಂದ ಮೊದಲನೆಯದೇ ಕವಿಯ ಉದ್ದೇಶವಿದ್ದೀತು. ಆದರೆ ಗ್ರೀಕ್ ಭಾಷಾಂತರಕಾರರು ಮೇಯಿಸುವನೆಂದೇ ಓದಿದರು; ಬೈಬಲ್ಲಿನ ಕೊನೆಯ ಗ್ರಂಥವಾದ ಪ್ರಕಟನೆಯೂ ಅದನ್ನೇ ಅನುಸರಿಸಿತು. ಅದೇ ಗ್ರಂಥದ ೫ನೆಯ ಅಧ್ಯಾಯದಲ್ಲಿ, ಯೂದಾ ಕುಲದ ಸಿಂಹವು ಜಯಿಸಿತೆಂಬ ಮಾತು ಕಿವಿಗೆ ಬೀಳುತ್ತದೆ; ದರ್ಶನವನ್ನು ಕಾಣುತ್ತಿದ್ದವನು ತಿರುಗಿ ನೋಡಿದರೆ ಅಲ್ಲಿರುವುದು ವಧೆಯಾದಂತೆ ತೋರುವ ಕುರಿಮರಿ. ಪ್ರಕಟನೆಯಲ್ಲಿಯೂ ಯುದ್ಧದ ಚಿತ್ರಗಳು ಇಲ್ಲದೆ ಇಲ್ಲ. ಉಗ್ರತೆಯು ಪೂರ್ತಿಯಾಗಿ ಮಾಯವಾಯಿತೆಂದರೆ ಸತ್ಯವಾಗದು. ಆದರೆ ಕೇಳಿದ್ದು ಸಿಂಹ, ಕಂಡದ್ದು ಕುರಿಮರಿ ಎಂಬ ಈ ಕ್ರಮವೇ ಮುಂದೆ ರಾಜಗೀತೆಗಳನ್ನು ಓದುವುದಕ್ಕೆ ಕ್ರೈಸ್ತರಿಗೆ ಕೀಲಿಕೈಯಾಯಿತು.

ಈ ವ್ಯಾಖ್ಯಾನವನ್ನು ಎಲ್ಲರೂ ಒಂದೇ ರೀತಿಯಾಗಿ ಮಾಡಲಿಲ್ಲ. ಎರಡನೆಯ ಶತಮಾನದ ನಡುಗಾಲದಲ್ಲಿ ಜಸ್ಟಿನ್ ಎಂಬ ಕ್ರೈಸ್ತ ತತ್ತ್ವಜ್ಞನು ತ್ರಿಫೋ ಎಂಬ ಯೆಹೂದ್ಯನೊಡನೆ ನಡೆಸಿದ ವಾದದ ಗ್ರಂಥದಲ್ಲಿ, ೭೨ನೆಯ ಕೀರ್ತನೆಯು ಸೊಲೊಮೋನನಿಗೆ ಅನ್ವಯಿಸುವುದೇ ಇಲ್ಲ, ಎಲ್ಲ ರಾಜರೂ ಅವನಿಗೆ ಅಡ್ಡಬಿದ್ದುದು ಎಲ್ಲಿ ಎಂದು ಕೇಳಿದನು. ಕ್ರಿ. ಶ. ೪೨೮ರಲ್ಲಿ ತೀರಿಕೊಂಡ ಮೊಪ್ಸುವೆಸ್ತಿಯದ ಥಿಯೋಡೋರನೆಂಬ ಬಿಷಪ್ಪನು ಇದಕ್ಕೆ ವಿರುದ್ಧವಾಗಿ, ಹಾಡುಗಳನ್ನು ಮೊದಲು ಅವುಗಳ ಕಾಲದಲ್ಲಿಟ್ಟು ಓದಬೇಕೆಂದನು. ೨, ೮, ೪೫, ೧೧೦ ಈ ನಾಲ್ಕನ್ನು ಮಾತ್ರ ಕ್ರಿಸ್ತನನ್ನು ಕುರಿತ ನೇರವಾದ ಪ್ರವಾದನೆಗಳೆಂದು ಒಪ್ಪಿದನು. ೫೫೩ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯು ಅವನನ್ನು ಖಂಡಿಸಿತು. ಯೆಹೂದ್ಯರಲ್ಲಿಯೂ ಭೇದಗಳಿದ್ದುವು. ಅವರ ಪ್ರಾಚೀನ ಅರಾಮಿಕ್ ಭಾಷಾಂತರವು ೪೫ ಮತ್ತು ೭೨ನೆಯ ಕೀರ್ತನೆಗಳಲ್ಲಿ ಮೆಸ್ಸೀಯನೆಂಬ ಅರಸನನ್ನು ಹೆಸರಿಸುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ರಾಶಿ ಎಂಬ ಮಹಾವ್ಯಾಖ್ಯಾನಕಾರನು ೪೫ನೆಯದನ್ನು ಧರ್ಮಶಾಸ್ತ್ರಪಂಡಿತರ ಸ್ತುತಿಯೆಂದು ಓದಿದನು. ೧೫೫೭ರಲ್ಲಿ ಕೀರ್ತನೆಗಳ ವ್ಯಾಖ್ಯಾನವನ್ನು ಪ್ರಕಟಿಸಿದ ಕ್ಯಾಲ್ವಿನ್ ಮಧ್ಯಮಾರ್ಗವನ್ನು ಹಿಡಿದನು: ಹಾಡು ಮೊದಲು ದಾವೀದ ಸೊಲೊಮೋನರದೇ, ಆದರೆ ಅವರು ನೆರಳು, ಕ್ರಿಸ್ತನು ವಸ್ತು. ನನ್ನ ಬುದ್ಧಿಗೆ ಈ ಮಾರ್ಗವೇ ಹೆಚ್ಚು ಸಮ್ಮತ. ಮೊದಲಿನ ಅರಸನನ್ನು ಅಳಿಸಿಬಿಟ್ಟರೆ ಹಾಡಿನ ಇತಿಹಾಸವು ಹೋಗುವುದು. ಇತಿಹಾಸವು ಹೋದರೆ, ಆ ಅರಸರು ಅಳತೆಗೆ ತಪ್ಪಿದುದರಿಂದ ಹುಟ್ಟಿದ ಹಂಬಲವೂ ತಿಳಿಯದೆ ಹೋಗುವುದು.

ಮೂಡಣದ ಜ್ಞಾನಿಗಳ ವಿಷಯವನ್ನು ಇಲ್ಲಿಯೇ ಹೇಳಬಹುದು. ಶಿಶುವಾದ ಯೇಸುವನ್ನು ನೋಡಲು ಬಂದವರನ್ನು ಮತ್ತಾಯನು ಅರಸರೆಂದು ಕರೆಯಲಿಲ್ಲ. ಅವರು ಮೂವರೆಂದೂ ಹೇಳಲಿಲ್ಲ. ಕಾಣಿಕೆ ತರುವ ಅರಸರ ಚಿತ್ರವು ೭೨ನೆಯ ಕೀರ್ತನೆಯಲ್ಲಿಯೂ ಯೆಶಾಯನ ಗ್ರಂಥದಲ್ಲಿಯೂ ಇದ್ದುದರಿಂದ, ಮುಂದಿನವರು ಜ್ಞಾನಿಗಳ ತಲೆಯ ಮೇಲೆ ಕಿರೀಟವಿಟ್ಟರು. ಪಾಶ್ಚಾತ್ಯ ಚಿತ್ರಶಾಲೆಗಳಲ್ಲಿ ಆ ಅರಸರು ಗೋದಲಿಯ ಮುಂದೆ ಮೊಣಕಾಲೂರಿರುವ ಪಟಗಳು ಎಷ್ಟೋ ಇವೆ.

ಯೂರೋಪಿನ ಅರಸರು ಮಾತ್ರ ಎಲ್ಲ ಕಾಲದಲ್ಲಿಯೂ ಮೊಣಕಾಲೂರಿ ನಿಲ್ಲಲಿಲ್ಲ. ಹಾಡು ಕ್ರಿಸ್ತನದಾದರೆ, ಕ್ರಿಸ್ತನ ಹೆಸರಿನಲ್ಲಿ ಆಳುವ ತಮಗೂ ಅದರಲ್ಲಿ ಪಾಲುಂಟೆಂದು ಅವರು ಬಗೆದರು. ಷಾರ್ಲಮೇನ್ ಚಕ್ರವರ್ತಿಯನ್ನು ಅವನ ಆಸ್ಥಾನದ ವಿದ್ವಾಂಸರು ದಾವೀದನೆಂದೇ ಕರೆಯುತ್ತಿದ್ದರು. ವಿಯೆನ್ನಾ ನಗರದ ಭಂಡಾರದಲ್ಲಿರುವ ಪವಿತ್ರ ರೋಮನ್ ಸಾಮ್ರಾಜ್ಯದ ಕಿರೀಟದ ಮೇಲೆ ದಾವೀದ ಸೊಲೊಮೋನರ ಚಿತ್ರಗಳೂ ಕ್ರಿಸ್ತನ ಚಿತ್ರವೂ ಇವೆ. ದಾವೀದನ ಕೈಯಲ್ಲಿರುವ ಓಲೆಯಲ್ಲಿ, ಅರಸನ ಗೌರವವಿರುವುದು ನ್ಯಾಯವನ್ನು ಪ್ರೀತಿಸುವುದರಲ್ಲಿ ಎಂಬರ್ಥದ ಮಾತಿದೆ. ಕಿರೀಟವನ್ನು ಹೊತ್ತವರಿಗೆ ಆ ಓಲೆಯು ಕಾಣುವುದಿಲ್ಲ, ಎದುರಿಗೆ ನಿಂತವರಿಗೆ ಕಾಣುತ್ತದೆ. ೧೯೨೧ರಲ್ಲಿ ಕೆನಡ ದೇಶವು ತನ್ನ ಲಾಂಛನಕ್ಕೆ ೭೨ನೆಯ ಕೀರ್ತನೆಯಿಂದಲೇ ಧ್ಯೇಯವಾಕ್ಯವನ್ನು ತೆಗೆದುಕೊಂಡಿತು. ಆರಿಸಿದ್ದು ಸಮುದ್ರದಿಂದ ಸಮುದ್ರದವರೆಗೆ ಎಂಬ ಎಲ್ಲೆಯ ಮಾತು. ‘ಏಕೆಂದರೆ’ ಎಂಬುದರ ಮುಂದಿನ ಮಾತಲ್ಲ. ಇದರಲ್ಲಿ ಅಪರಾಧವೇನೂ ಇಲ್ಲ. ಆದರೂ ರಾಜಸ್ತುತಿಯಲ್ಲಿ ಲೋಕವು ಯಾವುದನ್ನು ಬೇಗ ನೆನಪಿಡುತ್ತದೆ, ಯಾವುದನ್ನು ಬೇಗ ಮರೆಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಕೊನೆಗೆ ಒಬ್ಬ ಸಂಗೀತಗಾರನ ವಿಷಯವನ್ನು ಹೇಳಿ ಮುಗಿಸುತ್ತೇನೆ. ೧೭೨೭ರಲ್ಲಿ ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆಗೆ ಪಟ್ಟವಾದಾಗ ಹ್ಯಾಂಡೆಲನು ರಾಣಿ ಕ್ಯಾರೊಲಿನಳಿಗಾಗಿ ರಚಿಸಿದ ಹಾಡಿನ ಮಾತುಗಳಲ್ಲಿ ಹೆಚ್ಚಿನವು ೪೫ನೆಯ ಕೀರ್ತನೆಯವು. ಆ ದಿನ ಇಬ್ರಿಯ ರಾಣಿಯ ಚಿನ್ನವು ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಆಂಗ್ಲ ರಾಣಿಯ ಚಿನ್ನವಾಯಿತು. ಹದಿನಾಲ್ಕು ವರುಷಗಳ ಅನಂತರ, ೧೭೪೧ರಲ್ಲಿ, ಅದೇ ಹ್ಯಾಂಡೆಲನು ‘ಮೆಸ್ಸೀಯ’ ಎಂಬ ಮಹಾಕೃತಿಯನ್ನು ರಚಿಸಿದನು. ಅದರಲ್ಲಿ ೨ನೆಯ ಕೀರ್ತನೆಯ ದಂಗೆಯೇಳುವ ರಾಜರೂ ಕಬ್ಬಿಣದ ಕೋಲೂ ಬರುತ್ತವೆ. ಆದರೆ ಅಲ್ಲಿ ಹಾಡಿಸಿಕೊಳ್ಳುವವನು ಮನುಷ್ಯರಿಂದ ತಿರಸ್ಕೃತನಾಗಿ ಸತ್ತು ಎದ್ದವನು. ಅದನ್ನು ಮೊದಲು ಹಾಡಿದ್ದು ೧೭೪೨ರ ಏಪ್ರಿಲ್ ೧೩ರಂದು ಡಬ್ಲಿನ್ ನಗರದಲ್ಲಿ. ಅಂದು ಕೂಡಿದ ಹಣವನ್ನು ಎರಡು ಆಸ್ಪತ್ರೆಗಳಿಗೂ, ಸಾಲ ತೀರಿಸಲಾರದೆ ಸೆರೆಯಲ್ಲಿ ಬಿದ್ದಿದ್ದವರ ಬಿಡುಗಡೆಗೂ ಕೊಡಲಾಯಿತು.

ರಾಜಗೀತೆಯೊಂದು ಹಾಡಾದ ದಿನ ಬಡವರು ಸೆರೆಯಿಂದ ಹೊರಬಂದರೆ ಆ ಗೀತೆಯ ಅರ್ಥವನ್ನು ಅಂದು ಕೇಳಿದವರು ಸರಿಯಾಗಿಯೇ ಗ್ರಹಿಸಿದರೆನ್ನಬೇಕು. ಯೆರೂಸಲೇಮಿನ ಆ ಹೆಸರರಿಯದ ಆಸ್ಥಾನಕವಿಯು ತನ್ನ ಅರಸನಿಗೆ ಕೋರಿದ್ದೂ ಅದನ್ನೇ.